ಒಂಬತ್ತನೇ ಮೆಟ್ಟಿಲ ಮೇಲಿನ ಕೈ

ಇದನ್ನು ಹೇಳುವುದನ್ನು ನಾನು ಬಹಳ ವರ್ಷ ಮುಂದೂಡಿದ್ದೇನೆ. ಈ ವರ್ಷವೇ ಮೂರು ಸಲ ಮುಂದೂಡಿದೆ. ಪ್ರವೀಣ ಮೊದಲ ಸಲ ಫೋನ್ ಮಾಡಿದಾಗ ಕಣ್ಣಿನ ಆಪರೇಶನ್ ಆಗಿದೆ ಅಂದೆ. ಎರಡನೇ ಸಲ ಮೊಮ್ಮಗಳ ಪರೀಕ್ಷೆ, ಮನೆಯಲ್ಲಿ ಗದ್ದಲ ಅಂದೆ. ಮೂರನೇ ಸಲ ಪೆನ್ನು ಹಿಡಿದರೆ ಕೈ ನಡುಗುತ್ತದೆ ಅಂದೆ. ಕೈ ನಡುಗುವುದಿಲ್ಲ, ಇವತ್ತಿಗೂ ದಿನಾ ಬೆಳಿಗ್ಗೆ ನನ್ನ ಗಡ್ಡ ನಾನೇ ಹೆರೆದುಕೊಳ್ಳುತ್ತೇನೆ. ನಾಲ್ಕನೇ ಸಲ ಯಾವ ಸುಳ್ಳೂ ಹೊಳೆಯಲಿಲ್ಲ. 'ಬರೀತೀನಪ್ಪ' ಅಂದುಬಿಟ್ಟೆ. ಹೆದರಿಕೆ ಇತ್ತು, ನಿಜ. ಆದರೆ ಅದಕ್ಕಿಂತ ಹೆಚ್ಚಾಗಿ ಒಂದು ಹುರುಪು ಇತ್ತು. ಶಾಲೆ ಬಿಟ್ಟಮೇಲೆ ಇಂಥ ಹುರುಪು ನನಗೆ ಬಂದದ್ದು ನೆನಪಿಲ್ಲ.

ನಮ್ಮ ಊರು ಹೊಳೆಮಡ್ಡಿ ಈಗ ನೀರಿನಡಿ ಇದೆ. ಹಿನ್ನೀರು ಬಂದು ಮನೆ, ಗುಡಿ, ಹೊಲ ಎಲ್ಲ ಮುಳುಗಿದವು. ಅದಕ್ಕೂ ಎಷ್ಟೋ ಮೊದಲೇ ಊರಿನ ಅರ್ಧ ಜನ ಈ ಕಡೆ ಬಂದಾಗಿತ್ತು. ಕಲ್ಯಾಣದ ಗೂಡ್ಸ್ ಯಾರ್ಡಿನಲ್ಲಿ ಹಮಾಲಿ, ಠಾಣೆಯಲ್ಲಿ ಕಟ್ಟಡದ ಕೆಲಸ, ಆಮೇಲೆ ಮಹಾಪೆಯ ಕಾರ್ಖಾನೆಗಳಲ್ಲಿ ಪಾಳಿ. ಈಗ ಅವರ ಮಕ್ಕಳು, ಮೊಮ್ಮಕ್ಕಳು ಸೇರಿ ಊರಿನ ಚರಿತ್ರೆಯ ಪುಸ್ತಕ ಮಾಡುತ್ತಿದ್ದಾರೆ. ಯಾವ ಮನೆ ಎಲ್ಲಿತ್ತು, ಯಾವ ಹೊಲಕ್ಕೆ ಏನು ಹೆಸರು, ಬಾವಿ ಕಟ್ಟಿಸಿದವರು ಯಾರು, ಗುಡಿಗೆ ಗಂಟೆ ಕೊಟ್ಟವರು ಯಾರು, ಎಲ್ಲವನ್ನೂ ಬರೆದಿಡಬೇಕೆಂಬ ಹಟ. ಅದರ ಮುಂದಾಳು ಪ್ರವೀಣ. ಮಹಾಪೆಯಲ್ಲಿ ಮಶೀನ್ ಮೇಲೆ ನಿಲ್ಲುತ್ತಾನೆ, ಸಾನಪಾಡಾದಲ್ಲಿ ಹುಟ್ಟಿದವನು. ಊರು ಮುಳುಗುವ ಮೊದಲು ಅದನ್ನು ನೋಡಿದವನೇ ಅಲ್ಲ. ಆದರೂ ಊರಿನ ಸುದ್ದಿ ಬಂದರೆ ಊಟ ಬಿಟ್ಟು ಓಡುತ್ತಾನೆ. ಮೆಟ್ರಿಕ್‌ವರೆಗೆ ಓದಿದ ಹಿರಿಯ ನಾನೊಬ್ಬನೇ ಉಳಿದಿದ್ದೇನೆಂದು, ನಮ್ಮ ಮನೆಯ ಅಧ್ಯಾಯ ನಾನೇ ಬರೆಯಬೇಕು ಅಂತ ಗಂಟು ಬಿದ್ದಿದ್ದಾನೆ. ಅವನಿಗೆ ಗೊತ್ತಿಲ್ಲದ ಸಂಗತಿ ಒಂದಿದೆ. ಅವನು ಅಚ್ಚಿಗೆ ಕಳಿಸಲು ಹೊರಟಿರುವ ಪುಸ್ತಕದಲ್ಲಿ ಊರ ಬಾವಿಯ ಬಗ್ಗೆ ಒಂದು ಸಾಲಿದೆ. ಅದು ಸುಳ್ಳು. ಆ ಸುಳ್ಳನ್ನು ಬರೆದವನು ನಾನು, ಹನ್ನೆರಡು ವರ್ಷದವನಿದ್ದಾಗ, ಬೇಕಂತಲೇ.

ಮೊದಲು ಮನೆಯ ವಿಷಯ ಹೇಳುತ್ತೇನೆ. ಕಲ್ಯಾಣದಲ್ಲಿ ರೈಲುಹಳಿಯ ಪೂರ್ವಕ್ಕೆ ಒಂದು ಚಾಳು, ಅದರಲ್ಲಿ ಹನ್ನೆರಡು ಖೋಲಿಗಳು, ಕೊನೆಯದು ನಮ್ಮದು. ಒಂದೇ ಕೋಣೆ. ಒಂದು ಮೂಲೆಯಲ್ಲಿ ಒಲೆ, ಅದರ ಪಕ್ಕ ಮೋರಿ, ಗೋಡೆಗೆ ಅಪ್ಪನ ಹಮಾಲಿ ಕೊಕ್ಕೆ ತೂಗುಹಾಕಿರುತ್ತಿತ್ತು. ಗೂಡ್ಸ್ ಗಾಡಿ ಹೋದರೆ ತಾಟು, ಲೋಟ ಎಲ್ಲ ಗಲಗಲ ಅನ್ನುತ್ತಿದ್ದವು. ಅವ್ವ ಗಾಡಿಯ ಸದ್ದಿನಲ್ಲೇ ಹೊತ್ತು ಹೇಳುತ್ತಿದ್ದಳು. ಆ ಕೋಣೆಯಲ್ಲಿ ಅಪ್ಪ, ಅವ್ವ, ನಾನು, ನನ್ನ ಇಬ್ಬರು ತಂಗಿಯರು ಮತ್ತು ಅತ್ತೆ. ಅತ್ತೆ ಎಂದರೆ ಅಪ್ಪನ ಅಕ್ಕ. ಮದುವೆಯಾಗಿ ಏಳು ತಿಂಗಳಿಗೆ ಗಂಡ ತೀರಿಕೊಂಡು ತವರಿಗೆ ಬಂದವಳು. ಆಮೇಲೆ ನಮ್ಮ ಜೊತೆ ಕಲ್ಯಾಣಕ್ಕೆ ಬಂದಳು. ಕಾಳಿನ ಗೋದಾಮಿನಲ್ಲಿ ಹಸನು ಮಾಡುವ ಕೆಲಸಕ್ಕೆ ಹೋಗುತ್ತಿದ್ದಳು. ಸಂಜೆ ಬರುವಾಗ ಅವಳ ಕೂದಲಿನಲ್ಲಿ ಹೊಟ್ಟು, ಸೀರೆಯಲ್ಲಿ ಜೋಳದ ವಾಸನೆ. ಅವಳ ಎಡಗೈ ಕಿರುಬೆರಳು ಅರ್ಧವೇ ಇತ್ತು. ಸಣ್ಣವಳಿದ್ದಾಗ ಜೋಳದ ಕಣಿಕೆ ಕಡಿಯುವಾಗ ಕೊಡಲಿ ಬಿದ್ದು ಹೋದದ್ದು. ರೊಟ್ಟಿ ಬಡಿಯುವಾಗ ಆ ಬೆರಳು ಹಿಟ್ಟಿಗೆ ತಾಗದೆ ಮೇಲೆ ನಿಂತಿರುತ್ತಿತ್ತು. ನಾವು ಮೂವರೂ ಅದನ್ನೇ ನೋಡುತ್ತ ಕೂಡುತ್ತಿದ್ದೆವು.

ನನ್ನ ಊರನ್ನು ನಾನು ನೋಡಿದ್ದು ಬಹಳ ಕಡಿಮೆ. ಮೂರು ವರ್ಷದವನಿದ್ದಾಗಲೇ ಎತ್ತಿಕೊಂಡು ಬಂದಿದ್ದರು. ಆದರೆ ಅದರ ಒಂದೊಂದು ಬದುವೂ ನನಗೆ ಗೊತ್ತಿತ್ತು. ಅದಕ್ಕೆ ಕಾರಣ ಅತ್ತೆಯ ರೊಟ್ಟಿ. ಅವಳು ಪ್ರತಿ ರೊಟ್ಟಿಗೂ ಒಂದು ಹೊಲದ ಹೆಸರಿಡುತ್ತಿದ್ದಳು. ಹೆಂಚಿನಿಂದ ರೊಟ್ಟಿ ತೆಗೆದು ಕೈಯಲ್ಲೇ ಹಿಡಿದುಕೊಂಡು ಕೇಳುತ್ತಿದ್ದಳು.

"ಇದು ಹುಣಸೀಗಿಡದ ಹೊಲ. ಮೂಡಲಕ್ಕ ಯಾರ ಹೊಲ ಹೇಳು, ರೊಟ್ಟಿ ತಗೋ."

"ಕುಂಬಾರ ಭೀಮಪ್ಪಂದು!"

"ಪಡುವಲಕ್ಕ?"

"ಹಳ್ಳ!"

"ಹಳ್ಳ ಯಾರ ಮನ್ಯಾಗಿಂದು? ಅದಕ್ಕ ಹೆಸರಿಲ್ಲೇನು? ತಂಗಿಗೆ ಕೊಡ್ತೀನಿ ನೋಡು ಇದನ್ನ."

"ಉಪ್ಪಿನ ಹಳ್ಳ, ಉಪ್ಪಿನ ಹಳ್ಳ!"

ಆಗ ರೊಟ್ಟಿ ತಾಟಿಗೆ ಬೀಳುತ್ತಿತ್ತು. ಎಂಥ ಬಿಸಿ, ಎಂಥ ರುಚಿ! ತಪ್ಪು ಹೇಳಿದರೆ ಆ ರೊಟ್ಟಿ ತಂಗಿಗೆ, ತಂಗಿಯೂ ತಪ್ಪಿದರೆ ಅಪ್ಪನಿಗೆ. ಅಪ್ಪ ಬೇಕಂತಲೇ ತಪ್ಪು ಹೇಳಿ ನಗಿಸುತ್ತಿದ್ದ. 'ಮೂಡಲಕ್ಕ ಕಲ್ಯಾಣ ಜಂಕ್ಷನ್' ಅನ್ನುತ್ತಿದ್ದ. ಅತ್ತೆ ಅವನ ಕಡೆ ಚಿಟಿಕೆ ಹಿಟ್ಟು ತೂರುತ್ತಿದ್ದಳು. ಕೊನೆಗೆ ಹಿಟ್ಟು ನಾದುವ ಪರಾತದಲ್ಲಿ ಉಳಿದ ಹಿಟ್ಟನ್ನು ಸಮ ಮಾಡಿ, ಬೆರಳಿನಿಂದ ಗೆರೆ ಎಳೆದು ಇಡೀ ಊರು ಬರೆಯುತ್ತಿದ್ದಳು. ಇದು ಹೊಳೆ, ಇದು ಅಗಸಿ ಬಾಗಿಲು, ಇದು ನಮ್ಮ ಓಣಿ. ಎಲ್ಲಕ್ಕಿಂತ ಕೊನೆಗೆ, ಮೂಡಲ ದಿಕ್ಕಿಗೆ, ಬೆರಳ ತುದಿಯನ್ನು ಆಳಕ್ಕೆ ಒತ್ತಿ ಒಂದು ಕುಣಿ ಮಾಡುತ್ತಿದ್ದಳು.

"ಇದು ನನ್ನ ಬಾವಿ. ನಲವತ್ತೆರಡು ಮೆಟ್ಟಿಲು. ಒಂಬತ್ತನೇದರ ಮ್ಯಾಲೆ ನನ್ನ ಕೈ ಅದ."

ಬಾವಿಯ ಕಥೆ ನಮಗೆ ಬಾಯಿಪಾಠ. ಊರಿನ ಹೆಂಗಸರು ನೀರಿಗೆ ಹೊಳೆಗೇ ಇಳಿಯಬೇಕಿತ್ತು. ಇಳಿಜಾರಿನಲ್ಲಿ ಕೊಡ ಹೊತ್ತು ಬರುವಾಗ ಅತ್ತೆಯ ಗೆಳತಿಯೊಬ್ಬಳು ಜಾರಿ ಬಿದ್ದು ಸೊಂಟ ಮುರಿದುಕೊಂಡಳು, ಮತ್ತೆ ಏಳಲಿಲ್ಲ. ಅತ್ತೆ ತನ್ನ ಮೈಮೇಲಿದ್ದ ಬಂಗಾರವನ್ನೆಲ್ಲ ಕಲ್ಲುಕುಟಿಗರ ಮುಂದೆ ಇಟ್ಟು ಬಾವಿ ಶುರು ಮಾಡಿಸಿದಳು. ತಾನೂ ಅವರ ಜೊತೆ ಎರಡು ವರ್ಷ ಕಲ್ಲು ಹೊತ್ತಳು. ನಮ್ಮ ಮುತ್ಯಾ, ಅಂದರೆ ಅವಳಪ್ಪ, ಬೇಡವೇ ಬೇಡ ಅಂದ. ಗಂಡ ಸತ್ತ ಮಗಳು ಬಾವಿ ಕಟ್ಟಿಸಿದಳು ಅಂದರೆ ಜನ ತನಗೆ ಏನನ್ನುತ್ತಾರೆ ಎಂದು ಅಗೆದ ಕುಣಿಯ ಮುಂದೆ ಮೂರು ದಿನ ಉಪವಾಸ ಕೂತ. ನಾಲ್ಕನೇ ದಿನ ಹಸಿವಾಗಿ ಎದ್ದು ಹೋದ. ಬಾವಿ ಮುಗಿದಾಗ, ಕಲ್ಲಿನ ಮೇಲೆ ಮಗಳ ಹೆಸರು ಕೆತ್ತಬಾರದು ಎಂದು ಮತ್ತೆ ಅಡ್ಡ ಬಂದ. ಆಗ ಹಿರಿಯ ಕಲ್ಲುಕುಟಿಗ, 'ಹೆಸರು ಬ್ಯಾಡಂದ್ರ ಬ್ಯಾಡ, ಕೈ ಇಡವ್ವಾ' ಎಂದು ಅವಳ ಎಡಗೈಯನ್ನು ಕಲ್ಲಿನ ಮೇಲೆ ಇರಿಸಿ, ಸುತ್ತ ಇದ್ದಲಿಯಿಂದ ಗೆರೆ ಎಳೆದು ಉಳಿಯಿಂದ ಕೆತ್ತಿಬಿಟ್ಟನಂತೆ. ಹೀಗೆ ಅತ್ತೆ ಹೇಳುತ್ತಿದ್ದಳು. ಬಾವಿ ನಿಜ, ಕೈ ಮಾತ್ರ ಅವಳು ಸೇರಿಸಿದ ಕಥೆ ಎಂದು ನಾನು ಅಂದುಕೊಂಡಿದ್ದೆ.

ನಮ್ಮ ಮನೆಗೆ ಹಬ್ಬಕ್ಕಿಂತ ದೊಡ್ಡ ದಿನವೊಂದಿತ್ತು. ಅದು ಹೆಳವ ಬರುವ ದಿನ. ಹೆಳವರು ಗೊತ್ತಿಲ್ಲದ ಇಲ್ಲಿನ ಮಕ್ಕಳಿಗಾಗಿ ಹೇಳುತ್ತೇನೆ. ನಮ್ಮ ಸೀಮೆಯಲ್ಲಿ ಪ್ರತಿ ಮನೆತನಕ್ಕೂ ಒಬ್ಬ ಹೆಳವ ಇರುತ್ತಾನೆ. ಆ ಮನೆತನ ಎಲ್ಲಿಂದ ಬಂತು, ಯಾರು ಹುಟ್ಟಿದರು, ಊರಿಗೆ ಏನು ಮಾಡಿದರು ಎಂಬುದೆಲ್ಲ ಅವನ ಬುಕ್ಕಿನಲ್ಲಿರುತ್ತದೆ. ಮೂರು ನಾಲ್ಕು ವರ್ಷಕ್ಕೊಮ್ಮೆ ಎತ್ತಿನ ಮೇಲೆ ಬಂದು, ಹಳೆಯದನ್ನು ಓದಿ, ಹೊಸದನ್ನು ಬರೆದುಕೊಂಡು ಹೋಗುತ್ತಾನೆ. ಮನೆಯವರು ಕಾಳು, ಧೋತರ ಕೊಡುತ್ತಾರೆ. ನಮ್ಮ ಹೆಳವ ಮಾಳಪ್ಪ ನಮ್ಮನ್ನು ಬಿಡಲಿಲ್ಲ. ಎತ್ತನ್ನು ಊರಲ್ಲಿ ಬಿಟ್ಟು ಪ್ಯಾಸೆಂಜರ್ ಗಾಡಿ ಹತ್ತಿ ಕಲ್ಯಾಣಕ್ಕೇ ಬರುತ್ತಿದ್ದ! ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಗಂಟೆ. ಚಾಳಿನ ತುದಿಯಲ್ಲಿ ಗಂಟೆ ಬಾರಿಸಿದರೆ ಮರಾಠಿ ಹುಡುಗರು ಕುಲ್ಫಿಯವನು ಬಂದ ಎಂದು ಬಟ್ಟಲು ಹಿಡಿದು ಓಡಿ ಬರುತ್ತಿದ್ದರು. ಅವನು ಅವರ ತಲೆ ನೇವರಿಸಿ, 'ನಿಮ್ಮ ಹೆಳವ ಬ್ಯಾರೆ ಅದಾನಪ್ಪ' ಎಂದು ಕನ್ನಡದಲ್ಲೇ ಹೇಳಿ ಮುಂದೆ ಬರುತ್ತಿದ್ದ. ಅತ್ತೆ ಆ ದಿನ ಕೆಲಸಕ್ಕೆ ಹೋಗುತ್ತಿರಲಿಲ್ಲ. ನೆಲ ಸಾರಿಸಿ ಕಂಬಳಿ ಹಾಸುತ್ತಿದ್ದಳು. ಬುಕ್ಕು ಬರಿ ನೆಲದ ಮೇಲೆ ತೆರೆಯುವಂತಿರಲಿಲ್ಲ. ಹೊಸದಾಗಿ ಬರೆದದ್ದನ್ನು ಮೂರು ಸಲ ಓದಬೇಕು, ಮನೆಯವರು ಮೂರು ಸಲ 'ಹೌದು' ಅನ್ನಬೇಕು. ಅಲ್ಲಿಗೆ ಅದು ಪಕ್ಕಾ. ಆಮೇಲೆ ಅದನ್ನು ಯಾರೂ ತಿದ್ದುವಂತಿಲ್ಲ.

ನನ್ನ ತಪ್ಪಿನ ಬೀಜ ಬಿದ್ದದ್ದು ಶಾಲೆಯಲ್ಲಿ. ಆಗ ನಾನು ಕನ್ನಡ ಶಾಲೆಯಲ್ಲಿ ಆರನೇ ಇಯತ್ತೆ. ಗುರುಗಳು ಒಬ್ಬೊಬ್ಬರನ್ನೂ ಎಬ್ಬಿಸಿ 'ನನ್ನ ಊರು' ಅಂತ ಮಾತಾಡಿಸುತ್ತಿದ್ದರು. ನನ್ನ ಪಾಳಿ ಬಂತು. ಎದುರಿಗೆ ಅಂಗಡಿಕಾರರ ಮಕ್ಕಳು, ರೈಲ್ವೆ ನೌಕರರ ಮಕ್ಕಳು. ನನಗೆ ಏನಾಯಿತೋ, ಊರಲ್ಲಿ ನಲವತ್ತೆರಡು ಮೆಟ್ಟಿಲಿನ ಬಾವಿಯನ್ನು ನಮ್ಮ ಮುತ್ಯಾ ಕಟ್ಟಿಸಿದ, ನಮ್ಮ ಮುತ್ಯಾ ಊರಿಗೆ ದೊಡ್ಡ ಮನುಷ್ಯ ಎಂದು ಹೇಳುತ್ತ ಹೋದೆ. ಗುರುಗಳು 'ಶಾಭಾಸ್' ಅಂದರು. ಆಗಲೇ ಕಿಟಕಿಯ ಹೊರಗಿನಿಂದ ನಗು ಕೇಳಿಸಿತು. ನಾನು ಮರೆತು ಬಂದ ಬುತ್ತಿ ಹಿಡಿದುಕೊಂಡು ಅತ್ತೆ ನಿಂತಿದ್ದಳು, ಗೋದಾಮಿನ ಧೂಳು ಮೆತ್ತಿದ ಸೀರೆಯಲ್ಲಿ.

"ಗುರುಗಳ, ಹುಡುಗಗ ಮಾತು ಹಿಂದ ಮುಂದ ಆಗ್ಯಾವರಿ. ಅವರ ಮುತ್ಯಾ ಬಾವಿ ಕಟ್ಟಿಸಲಿಲ್ಲ. ಕಟ್ಟಬ್ಯಾಡ ಅಂತ ಕುಣಿ ಮುಂದ ಮೂರು ದಿನ ಉಪಾಸ ಕುಂತಿದ್ದ!"

ಇಡೀ ವರ್ಗ ಹೋ ಎಂದು ನಕ್ಕಿತು. ಗುರುಗಳೂ ನಕ್ಕರು. ಅತ್ತೆಯೂ ನಗುತ್ತಿದ್ದಳು, ಕೆಟ್ಟ ಮನಸ್ಸಿನಿಂದ ಅಲ್ಲವೇ ಅಲ್ಲ. ಮನೆಯಲ್ಲಿ ರೊಟ್ಟಿ ಹಿಡಿದು ತಿದ್ದಿದ ಹಾಗೆಯೇ ತಿದ್ದಿದ್ದಳು. ಅವತ್ತಿನಿಂದ ಶಾಲೆಯಲ್ಲಿ ನನ್ನ ಹೆಸರು 'ಉಪಾಸ' ಎಂದಾಯಿತು. 'ಏ ಉಪಾಸ, ಬಾಲ್ ತಾರೋ.' 'ಉಪಾಸ, ಇವತ್ತರ ಊಟ ಮಾಡಿ ಬಂದಿಯೇನು?' ಮೆಟ್ರಿಕ್ ಪರೀಕ್ಷೆಯ ದಿನವೂ ಒಬ್ಬ ಹಾಗೇ ಕೂಗಿದ. ನಾನು ಅತ್ತೆಯ ಜೊತೆ ಮಾತು ಬಿಟ್ಟೆ. ಅವಳು ಮೂಡಲಕ್ಕೆ ಯಾರ ಹೊಲ ಎಂದರೆ ಗೊತ್ತಿದ್ದೂ ಬಾಯಿ ಬಿಗಿದುಕೊಂಡು ಕೂಡುತ್ತಿದ್ದೆ. ಅವಳು ಸ್ವಲ್ಪ ಹೊತ್ತು ನೋಡಿ, ರೊಟ್ಟಿಯನ್ನು ಸುಮ್ಮನೆ ನನ್ನ ತಾಟಿಗೇ ಹಾಕುತ್ತಿದ್ದಳು.

ಇದಾಗಿ ತಿಂಗಳೊಳಗೆ ಮಾಳಪ್ಪ ಬಂದ. ಅವನ ಎರಡೂ ಕಣ್ಣಿಗೆ ಪರೆ ಬಂದಿತ್ತು. ಹಳೆಯ ಬುಕ್ಕು ಗೆದ್ದಲು ತಿಂದು ಪುಡಿಯಾಗುತ್ತಿತ್ತು. ಹೊಸ ಬುಕ್ಕು ತಂದಿದ್ದ, ಬರೆಯಲು ಕಣ್ಣು ಇರಲಿಲ್ಲ.

"ಈ ಮನಿಯಾಗ ಸಾಲಿ ಓದೋ ಹುಡುಗ ಅದಾನಲ್ಲ. ನಾ ಹೇಳ್ತೀನಿ, ಅವ ಬರೀತಾನ," ಅಂದ.

ನನಗೆ ಎಷ್ಟು ಹಿಗ್ಗು! ಮನೆಯಲ್ಲಿ ಬೇರೆ ಯಾರಿಗೂ ಅಕ್ಷರ ಬರುತ್ತಿರಲಿಲ್ಲ. ರವಿವಾರ ಮಧ್ಯಾಹ್ನ ಕಂಬಳಿಯ ಮೇಲೆ ಚಕ್ಕಳಮಕ್ಕಳ ಕೂತು, ಹೊಸ ಪೆನ್ನು ಹಿಡಿದು, ಅವನು ಹೇಳಿದ್ದನ್ನೆಲ್ಲ ಬರೆದೆ. ಎಲ್ಲರೂ ನನ್ನ ಕೈಯನ್ನೇ ನೋಡುತ್ತಿದ್ದರು. ಬಾವಿಯ ಸಂಗತಿ ಬಂದಾಗ ಅತ್ತೆ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

"ಮಾಳಪ್ಪಣ್ಣ, ಬಾವಿ ಮುಂದ ನನ್ನ ಹೆಸರು ಬರಸು."

"ಹೆಣ್ಣಮಕ್ಕಳ ಹೆಸರು ಬುಕ್ಕಿನಾಗ ಬರೂದಿಲ್ಲ ತಂಗಿ. ಕೊಟ್ಟ ಊರಿನ ಹೆಸರು ಅಷ್ಟ ಬರೀತೀವಿ."

"ಕೊಟ್ಟ ಊರಾಗ ನಾ ಏಳು ತಿಂಗಳ ಇದ್ದೆ. ಬಾವಿಗೆ ಎರಡು ವರ್ಷ ಕಲ್ಲು ಹೊತ್ತೀನಿ. ಯಾವುದು ಬರೀಬೇಕು, ನೀನ ಹೇಳು."

ಅಪ್ಪ 'ಬಿಡಽ ಅಕ್ಕ, ಸತ್ತ ಅಪ್ಪನ ಮರ್ಯಾದಿ ಯಾಕ ತಗೀತಿ' ಅಂದ. ಅವ್ವ ಅಪ್ಪನನ್ನು ಗದರಿದಳು. ಮಾಳಪ್ಪ ಬಹಳ ಹೊತ್ತು ಗಡ್ಡ ಕೆರೆದುಕೊಂಡ. ಕೊನೆಗೆ ಹೇಳಿದ.

"ಆ ಬಾವಿ ನೀರು ನಾ ಕುಡಿದೀನಿ. ನನ್ನ ಎತ್ತೂ ಕುಡದೈತಿ. ಬರೀ ತಮ್ಮಾ. ಊರ ಮೂಡಲಕ್ಕ ಮೆಟ್ಟಿಲ ಬಾವಿ, ಮೆಟ್ಟಿಲು ನಲವತ್ತೆರಡು, ಕಟ್ಟಿಸಿದಾಕಿ..." ಎಂದು ಅತ್ತೆಯ ಹೆಸರು ಹೇಳಿದ.

ನಾನು 'ಕಟ್ಟಿಸಿದವರು' ಎಂದು ಬರೆದು ಮುತ್ಯಾನ ಹೆಸರು ಬರೆದೆ. ಕೈ ಒಂದಿಷ್ಟೂ ತಡೆಯಲಿಲ್ಲ. ದುಂಡಗಿನ, ಚಂದದ ಅಕ್ಷರ. ಶಾಲೆಯಲ್ಲಿ ನಾನು ಹೇಳಿದ್ದು ಈಗ ಬುಕ್ಕಿನಲ್ಲೇ ಬಂತಲ್ಲ, ಇನ್ನು ಯಾರು ನಗುತ್ತಾರೆ ನೋಡೋಣ ಎನಿಸಿತು. ಆಮೇಲೆ ಓದುವ ಹೊತ್ತು ಬಂತು. ಮಾಳಪ್ಪನ ಕಣ್ಣು ಕಾಣದು, ಓದುವವನೂ ನಾನೇ. ಮೂರು ಸಲ ಓದಿದೆ. ಮೂರು ಸಲವೂ, ಹಾಳೆಯ ಮೇಲೆ ಇಲ್ಲದ ಅತ್ತೆಯ ಹೆಸರನ್ನು, ಇದ್ದ ಹಾಗೆಯೇ ಓದಿದೆ. ಎಲ್ಲರಿಗಿಂತ ಗಟ್ಟಿಯಾಗಿ 'ಹೌದು' ಅಂದವಳು ಅತ್ತೆ. ಮೂರನೇ 'ಹೌದು' ಅನ್ನುವಾಗ ಅವಳ ದನಿ ಒಡೆಯಿತು. ಹಾಳೆಯ ಮೇಲೆ ಬೆರಳಿಟ್ಟು ಕೇಳಿದಳು.

"ನನ್ನ ಹೆಸರು ಇದರಾಗ ಎಲ್ಲದ ತಮ್ಮಾ?"

ನಾನು ಮುತ್ಯಾನ ಹೆಸರು ತೋರಿಸಿದೆ. ಅವಳು ಆ ಅಕ್ಷರಗಳನ್ನು ಅರ್ಧ ಬೆರಳಿನಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಸಂಜೆ ಹೋಳಿಗೆ ಮಾಡಿದಳು. ಮೊದಲನೆಯದು ನನಗೆ. ನಾನು ಅದನ್ನು ತಿಂದೆ.

ಐದು ವರ್ಷ ಯಾರಿಗೂ ಗೊತ್ತಾಗಲಿಲ್ಲ. ಆಮೇಲೆ ಮಾಳಪ್ಪ ತೀರಿಕೊಂಡು ಅವನ ಮಗ ಬಂದ, ಚೆನ್ನಾಗಿ ಓದಬಲ್ಲವನು. ಹೊಸ ಹೆಳವ ಬಂದಿದ್ದಾನೆಂದು ಊರಿನ ಆರೇಳು ಮನೆಯವರು ನಮ್ಮ ಖೋಲಿಯಲ್ಲಿ, ಬಾಗಿಲ ಹೊರಗೆ, ಸೇರಿದ್ದರು. ಅವನು ರಾಗವಾಗಿ ಓದುತ್ತ ಬಂದ. ನಾನು ಎದ್ದು ಹೊರಗೆ ಹೋಗಬೇಕೆಂದರೆ ಬಾಗಿಲಲ್ಲಿ ಜನ. ಬಾವಿಯ ಸಾಲು ಬಂತು. ಕಟ್ಟಿಸಿದವರು ಎಂದು ಮುತ್ಯಾನ ಹೆಸರು ಓದಿದ.

"ತಡಿ. ಇನ್ನೊಮ್ಮೆ ಓದು," ಅಂದಳು ಅತ್ತೆ.

ಓದಿದ.

"ಇನ್ನೊಮ್ಮೆ."

ಓದಿದ. ಊರಿನವರೊಬ್ಬರು ನಗತೊಡಗಿದರು.

"ಏನಬೇ, ಇಷ್ಟು ವರ್ಷ ನನ್ನ ಬಾವಿ, ನನ್ನ ಬಾವಿ ಅಂತಿದ್ದಿ. ಬುಕ್ಕಿನಾಗ ನಿಮ್ಮಪ್ಪಂದು ಬಂತಲ್ಲ!"

ಅತ್ತೆ ನನ್ನ ಕಡೆ ನೋಡಿದಳು. ಅವಳಿಗೆ ಎಲ್ಲ ತಿಳಿಯಿತು. ಐದು ವರ್ಷದ ಹಿಂದೆ ಅವಳ ಬೆರಳು ಯಾವ ಹೆಸರನ್ನು ಮುಟ್ಟಿತ್ತು ಎಂಬುದೂ ತಿಳಿಯಿತು. ಒಂದು ಮಾತು ಸಾಕಿತ್ತು, ಆ ಜನರ ಮುಂದೆ ನನ್ನ ಮುಖ ಉಳಿಯುತ್ತಿರಲಿಲ್ಲ. ಅವಳು ಆ ಮಾತು ಆಡಲಿಲ್ಲ.

"ಬುಕ್ಕಿನಾಗ ಹಂಗ ಅದ ಅಂದ್ರ ಹಂಗ ಇರಬೇಕಪ್ಪ. ನನಗ ವಯಸ್ಸಾತು," ಎಂದು ಎದ್ದು ಒಲೆಯ ಮುಂದೆ ಕೂತಳು.

ಆ ದಿನದಿಂದ ನಮ್ಮ ಮನೆಯ ರೊಟ್ಟಿಗೆ ಹೊಲದ ಹೆಸರು ಇರಲಿಲ್ಲ. ಪರಾತದ ಹಿಟ್ಟನ್ನು ಅವಳು ಸುಮ್ಮನೆ ಬಳಿದು ಡಬ್ಬಿಗೆ ಹಾಕುತ್ತಿದ್ದಳು. ತಂಗಿಯರು 'ಅತ್ತಿ, ಊರು ತಗಿ' ಎಂದು ಕಾಡಿದರೆ, 'ಮರತೀನವಾ' ಅನ್ನುತ್ತಿದ್ದಳು. ಮತ್ತೆ ಹನ್ನೊಂದು ವರ್ಷ ಬದುಕಿದಳು. ನನಗೆ ನೌಕರಿ ಸಿಕ್ಕಾಗ ಅವಳಿಗೆ ಇಳಕಲ್ ಸೀರೆ ತಂದೆ, ತಪ್ಪಾಯಿತು ಎಂಬ ಮಾತು ಮಾತ್ರ ತರಲಿಲ್ಲ. ಒಮ್ಮೆ ಕಲ್ಯಾಣ ಸ್ಟೇಶನ್ನಿನ ಸೇತುವೆಯ ಮೇಲೆ ಅವಳ ಚೀಲ ಹಿಡಿದುಕೊಂಡು ನಡೆಯುವಾಗ ಬಾಯಿಯವರೆಗೆ ಬಂತು. ಅವಳೇ ನಿಂತಳು.

"ಏನೋ ಹೇಳಾಕ ಹತ್ತಿದ್ದೆಲ್ಲ?"

"ಏನಿಲ್ಲ ಅತ್ತಿ, ಲೋಕಲ್ ಬಂತು. ಲಗೂ ನಡಿ."

ಅಷ್ಟೇ. ಆ ಲೋಕಲ್ ಹೋಯಿತು. ಆಮೇಲೆ ಅವಳೂ ಹೋದಳು. ಊರಿಗೂ ನೀರು ಬಂತು. ಇನ್ನು ಯಾರಿಗೆ ಹೇಳುವುದು ಎಂದು ನಾನು ನಿಶ್ಚಿಂತನಾದೆ. ನಿಶ್ಚಿಂತನಾದೆ ಎಂದು ಬರೆಯಲು ನಾಚಿಕೆಯಾಗುತ್ತದೆ. ಆದರೆ ಹಾಗೇ ಆದದ್ದು.

ಹೋದ ವರ್ಷ ಪ್ರವೀಣ ಘೋಡಬಂದರ್ ರಸ್ತೆಯ ನಮ್ಮ ಫ್ಲ್ಯಾಟಿಗೆ ಒಂದು ದೊಡ್ಡ ಡ್ರಾಯಿಂಗ್ ಹಾಳೆ ಹಿಡಿದು ಬಂದ. ಊರಿನ ನಕಾಶೆ ಆಗಬೇಕು, ಯಾರಿಗೂ ಪೂರ್ತಿ ಗೊತ್ತಿಲ್ಲ ಅಂದ. ನಾನು ಪೆನ್ಸಿಲ್ ಹಿಡಿದೆ, ಒಂದು ಗೆರೆಯೂ ಮೂಡಲಿಲ್ಲ. ಸಿಟ್ಟು ಬಂತು. ಅಡಿಗೆಮನೆಗೆ ಹೋಗಿ ಜೋಳದ ಹಿಟ್ಟಿನ ಡಬ್ಬಿ ತಂದು ಡೈನಿಂಗ್ ಟೇಬಲ್ ಮೇಲೆ ಸುರಿದೇಬಿಟ್ಟೆ. ಮೊಮ್ಮಗಳು ಜುಯಿ 'ಆಜೋಬಾ, ಹೇ ಕಾಯ್ ಕರತಾಯ್!' ಎಂದು, ಅಜ್ಜ ಇದೇನು ಮಾಡುತ್ತಿದ್ದೀ ಅಂತ ಮರಾಠಿಯಲ್ಲಿ ಕಿರುಚಿದಳು. ಬೆರಳು ಹಿಟ್ಟಿಗೆ ತಾಗಿದ್ದೇ ತಡ, ಹೊಳೆ ಬಂತು, ಅಗಸಿ ಬಂತು, ಉಪ್ಪಿನ ಹಳ್ಳ ಬಂತು! ಕುಂಬಾರ ಭೀಮಪ್ಪನ ಹೊಲ, ಅದರಾಚೆ ಕರಿಮಡ್ಡಿ, ಅದರಾಚೆ ಗೌಡರ ಮಾವಿನಗಿಡ. ನಾನು ಕೂಗಿ ಕೂಗಿ ಹೇಳುತ್ತಿದ್ದೆ, ಪ್ರವೀಣ ಬರೆದುಕೊಳ್ಳುತ್ತಿದ್ದ, ಜುಯಿ ಮೊಬೈಲಿನಲ್ಲಿ ತೆಗೆಯುತ್ತಿದ್ದಳು. ಮೂವರ ಮೈಯೆಲ್ಲ ಹಿಟ್ಟು. ಐವತ್ತೆಂಟು ಹೊಲದ ಹೆಸರು! ಪ್ರವೀಣ ನನ್ನ ಕಾಲಿಗೆ ಬಿದ್ದ. 'ಕಾಕಾ, ನಿಮ್ಮ ತಲಿ ಅಂದ್ರ ಖಜಾನೆ' ಅಂದ. ಅದು ಯಾರ ತಲೆಯ ಖಜಾನೆ ಎಂದು ನಾನು ಆಗಲೂ ಹೇಳಲಿಲ್ಲ. ಕೊನೆಗೆ ಬಾವಿಯ ಕುಣಿ ಒತ್ತುವಾಗ ಮಾತ್ರ ಬೆರಳು ತಡೆದು, ಆಮೇಲೆ ಒತ್ತಿತು.

ಎರಡು ತಿಂಗಳ ಮೇಲೆ ಅವನು ಹೆಳವನ ಮೊಮ್ಮಗನನ್ನು ಹುಡುಕಿ, ಬುಕ್ಕಿನ ಫೋಟೋ ತೆಗೆದು ಕಳಿಸಿದ. ಫೋನಿನ ತೆರೆಯ ಮೇಲೆ ನನ್ನದೇ ದುಂಡಗಿನ ಅಕ್ಷರ. 'ಕಾಕಾ, ಬಾವಿ ಕಟ್ಟಿಸಿದವರು ನಿಮ್ಮ ಮುತ್ಯಾರಂತ! ಪುಸ್ತಕದಾಗ ಇದನ್ನ ದೊಡ್ಡದಾಗಿ ಹಾಕ್ತೀನಿ, ನೀವು ಎರಡು ಪಾನು ಬರದು ಕೊಡ್ರಿ' ಎಂದು ಎರಡು ಪುಟ ಕೇಳಿ ಬರೆದಿದ್ದ. ಆಗ ಶುರುವಾದದ್ದು ನನ್ನ ಕಣ್ಣಿನ ಆಪರೇಶನ್, ಪರೀಕ್ಷೆ, ಕೈ ನಡುಕ. ನಾಲ್ಕನೇ ಸಲ ಬರೀತೀನಿ ಅಂದೆನಲ್ಲ, ಆದರೂ ಒಂದಕ್ಷರ ಬರೆಯದೆ ಕೂತಿದ್ದೆ.

ಈ ಬೇಸಿಗೆಯಲ್ಲಿ ಹಿನ್ನೀರು ಎಂದಿಗಿಂತ ಕೆಳಗೆ ಹೋಯಿತು. ಪ್ರವೀಣ ಮೂವರು ಗೆಳೆಯರನ್ನು ಕಟ್ಟಿಕೊಂಡು, ರಜೆ ಹಾಕಿ, ಊರು ಹುಡುಕಲು ಹೋದ. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ವಿಡಿಯೋ ಕಾಲ್ ಬಂತು. ಒಡೆದ ಕೆಸರು ನೆಲ, ಬಿಸಿಲು, ಕಲ್ಲಿನ ರಾಶಿ. ಅವನು ಕೂಗುತ್ತಿದ್ದ.

"ಕಾಕಾ, ಬಾವಿ ಸಿಕ್ಕೈತಿ! ನೀವು ಹಿಟ್ಟಿನ್ಯಾಗ ಕುಣಿ ಮಾಡಿದ್ದಿರಲ್ಲ, ಅಲ್ಲೇ! ಹದಿನಾಲ್ಕು ಮೆಟ್ಟಿಲು ಕಾಣಸ್ತಾವ, ಕೆಳಗ ನೀರು. ಎಲ್ಲಾ ಕೆಸರು ತುಂಬೇತಿ. ಫೋಟೋ ತಗೊಂಡು ಹೊಂಟೀವಿ, ಬಿಸಿಲು ಭಾಳ ಐತಿ."

ಅವನು ಹೊರಡುವವನಿದ್ದ. ಬರುವ ಮಳೆಗಾಲಕ್ಕೆ ನೀರು ಮತ್ತೆ ಏರುತ್ತದೆ. ಇನ್ನೊಮ್ಮೆ ಯಾವಾಗ ಇಳಿಯುವುದೋ, ಆಗ ನಾನು ಇರುತ್ತೇನೋ ಇಲ್ಲವೋ. ನಾನು ಸುಮ್ಮನಿದ್ದರೆ ಸಾಕಿತ್ತು. ಕಲ್ಯಾಣದ ಸೇತುವೆಯ ಮೇಲೆ ಸುಮ್ಮನಾದ ಹಾಗೆ. ನನಗೆ ಗೊತ್ತಿಲ್ಲದೆಯೇ ಎದ್ದು ನಿಂತಿದ್ದೆ.

"ಪ್ರವೀಣ, ನಿಲ್ಲೋ! ಮ್ಯಾಲಿಂದ ಎಣಸು. ಒಂಬತ್ತನೇ ಮೆಟ್ಟಿಲು. ಅದರ ಕೆಸರು ತಗಿ."

"ಏನದ ಕಾಕಾ ಅಲ್ಲಿ?"

"ಮೊದಲು ತಗಿ, ಆಮ್ಯಾಲೆ ಕೇಳು!"

ನಾಲ್ಕು ಹುಡುಗರೂ ಕೂತು ಕೈಯಿಂದ ಕೆರೆದರು. ಬಾಟಲಿಯ ನೀರು ಸುರಿದರು. ಒಬ್ಬ ಅಂಗಿ ಕಳೆದು ಒರೆಸಿದ. ಜುಯಿ ನನ್ನ ಹೆಗಲಿಗೆ ಗದ್ದ ಊರಿ ನೋಡುತ್ತಿದ್ದಳು. ಅಷ್ಟರಲ್ಲಿ ಪ್ರವೀಣ ಕೂಗಿದ ಕೂಗಿಗೆ ಪಕ್ಕದ ಕೋಣೆಯಿಂದ ಸೊಸೆ ಓಡಿ ಬಂದಳು.

"ಕೈ! ಕಾಕಾ, ಕಲ್ಲಾಗ ಕೈ ಕೆತ್ಯಾರ! ಕೈ ಅದ ಇಲ್ಲಿ!"

ಫೋನು ಹತ್ತಿರ ಹಿಡಿದ. ಕರಿಕಲ್ಲಿನ ಮೇಲೆ ಒದ್ದೆಯಾಗಿ ಹೊಳೆಯುತ್ತಿದ್ದ ಎಡಗೈ. ಹುಡುಗರು ಕುಣಿಯುತ್ತಿದ್ದರು, ಜುಯಿ ಚಪ್ಪಾಳೆ ತಟ್ಟುತ್ತಿದ್ದಳು. ನಾನೂ ನಗುತ್ತಿದ್ದೆ, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಇತ್ತು! ಅವಳು ಹೇಳಿದ್ದರಲ್ಲಿ ಒಂದು ಕೂದಲೆಳೆಯಷ್ಟೂ ಸುಳ್ಳಿರಲಿಲ್ಲ! ಸ್ವಲ್ಪ ಹೊತ್ತಿಗೆ ಪ್ರವೀಣನ ದನಿ ಇಳಿಯಿತು.

"ಕಾಕಾ, ನಿಮ್ಮ ಮುತ್ಯಾರ ಕೈ ಇಷ್ಟು ಸಣ್ಣದಿತ್ತೇನ್ರಿ? ಇದು ಹೆಣ್ಣಮಗಳ ಕೈ ಇದ್ದಂಗ ಅದ. ಮತ್ತ ಕಿರಿಬೆರಳು ಅರ್ಧಕ್ಕ ಮುರದೈತಿ."

"ಮುರದಿಲ್ಲಪ್ಪ. ಅದು ಇದ್ದದ್ದೇ ಅಷ್ಟು."

ಬುದ್ಧಿವಂತ ಹುಡುಗ, ಮುಂದೆ ಏನೂ ಕೇಳಲಿಲ್ಲ. 'ನಿಮ್ಮ ಪಾನಿಗೆ ಕಾಯತೀನಿ ಕಾಕಾ' ಎಂದಷ್ಟೇ ಹೇಳಿದ. ಅದು ಯಾರ ಕೈ ಎಂದು ಜುಯಿ ಕೇಳದೆ ಬಿಡಲಿಲ್ಲ.

"ಕೋಣಾಚಾ ಹಾತ್ ಆಹೇ ಆಜೋಬಾ?"

"ನಮ್ಮ ಅತ್ತೀದು."

"ಅತ್ತಿ ಮ್ಹಣಜೇ ಕೋಣ್? ತಿಚಂ ನಾವ್ ಕಾಯ್?"

ಅತ್ತೆ ಅಂದರೆ ಯಾರು, ಅವಳ ಹೆಸರೇನು ಎಂದು ಮಗು ಕೇಳುತ್ತಿದೆ. ನಾನು ಬಾಯಿ ತೆರೆದೆ. ಆ ಹೆಸರನ್ನು ಗಟ್ಟಿಯಾಗಿ ಉಚ್ಚರಿಸಿದ್ದು ಮೂರು ಸಲ, ಆ ರವಿವಾರ ಮಧ್ಯಾಹ್ನ, ಅದು ಇಲ್ಲದ ಹಾಳೆಯನ್ನು ನೋಡುತ್ತ. ಬರೆದು ಹೇಳುತ್ತೇನೆ ಪುಟ್ಟಾ ಎಂದು ಬಂದು ಈ ಹಾಳೆಯ ಮುಂದೆ ಕೂತೆ. ಪ್ರವೀಣನಿಗೆ ಒಂದು ಕೇಳಿಕೆ. ಹೆಳವರ ಬುಕ್ಕಿನ ಫೋಟೋವನ್ನೂ ಪುಸ್ತಕದಲ್ಲಿ ಹಾಕು, ತೆಗೆಯಬೇಡ, ಅದರ ಕೆಳಗೆ ಅದನ್ನು ಬರೆದವನ ಹೆಸರು ನನ್ನದೆಂದು ಹಾಕು. ಕಲ್ಲಿನ ಕೈಯ ಫೋಟೋ ಅದರ ಎದುರಿನ ಪುಟದಲ್ಲಿರಲಿ. ಐವತ್ತೆಂಟು ಹೊಲ ಹೇಳಿಕೊಟ್ಟವಳೂ ಅವಳೇ ಎಂದು ಬರೆ. ಮಾಳಪ್ಪ ನನಗೆ ಹೇಳಿದ ಸಾಲನ್ನು, ಅವನು ಹೇಳಿದ ಹಾಗೆಯೇ, ಒಂದಕ್ಷರ ಬಿಡದೆ ಈಗ ಬರೆಯುತ್ತಿದ್ದೇನೆ.

ಊರ ಮೂಡಲಕ್ಕ ಮೆಟ್ಟಿಲ ಬಾವಿ, ಮೆಟ್ಟಿಲು ನಲವತ್ತೆರಡು, ಕಟ್ಟಿಸಿದಾಕಿ ಸಿದ್ದವ್ವ.